ಬಾಣ ಎಳೆದರೆ ಸಾಲದು, ಗುರಿ ಗೊತ್ತಿರಬೇಕು!



ಅಪ್ಪನ ಕಾಲದಲ್ಲಿ ನಮ್ಮ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುವ ಹಿರಿಯರೊಬ್ಬರಿದ್ದರು. ಇಂಗ್ಲಿಷ್ ಓದಲು ಬಾರದು. ಆದರೂ ಇಡೀ ಇಂಗ್ಲಿಷ್ ಪುಟವನ್ನು ತಪ್ಪಿಲ್ಲದೆ ಜೋಡಿಸುತ್ತಿದ್ದರು. ಅಕ್ಷರದ ಆಕಾರ ಗೊತ್ತು, ಅರ್ಥ ಗೊತ್ತಿಲ್ಲ! ಅವರಿಗೆ ಅದು ಹೊಟ್ಟೆಪಾಡು. ಬಿ.ಎಸ್ಸಿ. ಓದುವ ನೀವೂ ಸಾವಯವ ರಸಾಯನಶಾಸ್ತ್ರವನ್ನು ಹೀಗೇ ಜೋಡಿಸುತ್ತಾ ಕೂತರೆ ಹೇಗೆ?

ಪರೀಕ್ಷೆ ಬಂತೆಂದರೆ ನೋಟ್ಸುಗಳ ಅಚ್ಚು ನನ್ನಲ್ಲೇ ನಡೆಯುತ್ತದೆ. ಅದರಿಂದ ನನ್ನ ಒಲೆ ಉರಿಯುತ್ತದೆ, ಸುಳ್ಳೇಕೆ ಹೇಳಲಿ? ನೂರಾರು ಕ್ರಿಯೆಗಳು, ಎಲ್ಲ ಬಾಯಿಪಾಠ. ಪರೀಕ್ಷೆ ಮುಗಿದ ಮರುದಿನ ತಲೆ ಖಾಲಿ!

ನೋಟ್ಸು ಮಾಡಿಸಲು ಬಂದ ಹುಡುಗಿಯೊಬ್ಬಳನ್ನು ಕೇಳಿದೆ: 'ಈ ಬಾಗಿದ ಬಾಣ ಯಾಕಮ್ಮಾ?' 'ಹಾಕಬೇಕು ಸಾರ್, ಮಾರ್ಕ್ಸ್ ಇದೆ' ಅಂದಳು. ನಾನು ಬಿಡಲಿಲ್ಲ. ಆಕೆ ಕನ್ನಡದಲ್ಲಿ ಬಿಡಿಸತೊಡಗಿದಳು. ಈಥೈಲ್ ಬ್ರೋಮೈಡಿನಲ್ಲಿ ಬ್ರೋಮಿನ್ ಎಲೆಕ್ಟ್ರಾನುಗಳನ್ನು ತನ್ನತ್ತ ಎಳೆದುಕೊಂಡಿದೆ. ಪಕ್ಕದ ಇಂಗಾಲ ಬಡವಾಗಿದೆ. ಹೈಡ್ರಾಕ್ಸೈಡಿನ ಬಳಿ ಎಲೆಕ್ಟ್ರಾನ್ ಜೋಡಿಯಿದೆ. ಅದು ಇಂಗಾಲಕ್ಕೆ ಕೈ ಚಾಚುತ್ತದೆ, ಬ್ರೋಮಿನ್ ತನ್ನ ಪಾಲು ಹಿಡಿದು ಹೊರನಡೆಯುತ್ತದೆ. ಉಳಿದದ್ದು ಈಥೈಲ್ ಆಲ್ಕೊಹಾಲ್. ಅಷ್ಟರಲ್ಲಿ ತಾನೇ ನಿಂತಳು: 'ಓ! ಬಾಣ ಇದ್ದವನಿಂದ ಇಲ್ಲದವನ ಕಡೆಗೆ!'

ಹೌದು. 1922ರಲ್ಲಿ ಕೆರ್ಮ್ಯಾಕ್ ಮತ್ತು ರಾಬಿನ್ಸನ್ ಬಳಕೆಗೆ ತಂದ ಆ ಬಾಣ ಅಲಂಕಾರವಲ್ಲ. ಎಲೆಕ್ಟ್ರಾನ್ ಎಲ್ಲಿಂದ ಹೊರಟಿತು, ಎಲ್ಲಿಗೆ ಹೋಯಿತು ಎಂಬ ಲೆಕ್ಕ ಅದು.

ಇಂಗ್ಲಿಷ್ ಬಲ್ಲವರಿಗೆ ಇದೆಲ್ಲ ಸಲೀಸು ಎಂಬ ಕೀಳರಿಮೆ ಬೇಡ. ಅಮೆರಿಕದಲ್ಲಿ ಭಟ್ಟಾಚಾರ್ಯ ಮತ್ತು ಬಾಡ್ನರ್ 2005ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. ಪದವಿ ಮುಗಿಸಿ ಮುಂದೆ ಓದುತ್ತಿದ್ದವರೇ ಎಷ್ಟೋ ಕಡೆ ಬಾಣ ಸರಿಯಾಗಿ ಎಳೆದರೂ ಅದರ ಅರ್ಥ ಹಿಡಿದಿರಲಿಲ್ಲ. ಉತ್ತರ ಬಂದರೆ ಸಾಕು ಎಂಬ ಚಾಳಿ ಅಲ್ಲೂ ಇದೆ!

ಆದರೆ ಕನ್ನಡ ಮಾಧ್ಯಮದಿಂದ ಬಂದವರಿಗೆ ಎರಡು ಹೊರೆ. ಪಿಯುಸಿಗೆ ಕಾಲಿಟ್ಟೊಡನೆ ವಿಜ್ಞಾನವೆಲ್ಲ ಇಂಗ್ಲಿಷು. 'ಯಾಕೆ ಸಾರ್?' ಎಂದು ಕೇಳಲು ನಾಲಗೆ ಏಳದು. ಕೇಳದವನಿಗೆ ಬಾಯಿಪಾಠವೇ ಗತಿ. ನಾನು ಪಿಯುಸಿಗೇ ನಿಂತವನು, ಈ ಸಂಕಟ ಉಂಡವನು.

ಇವತ್ತು ಸಂಜೆ ಇಬ್ಬರು ಗೆಳೆಯರು ಕೂಡಿ. ಪುಸ್ತಕ ಮುಚ್ಚಿ. ಒಂದೊಂದು ಬಾಣಕ್ಕೂ ಕನ್ನಡದಲ್ಲಿ ಕಾರಣ ಹೇಳಿ. ಹೇಳಲಾಗದಿದ್ದರೆ ನಿಮಗೆ ಗೊತ್ತಾಗಿಲ್ಲವೆಂದೇ ಅರ್ಥ, ಮತ್ತೆ ಓದಿ. ಪರೀಕ್ಷೆ ಇಂಗ್ಲಿಷಿನಲ್ಲೇ ಬರೆಯಿರಿ, ಅಡ್ಡಿಯಿಲ್ಲ. ಅರ್ಥ ಮಾತ್ರ ನಿಮ್ಮದಾಗಿರಲಿ. ನನ್ನ ನೋಟ್ಸು ವ್ಯಾಪಾರ ಕುಗ್ಗಿದರೆ ಕುಗ್ಗಲಿ!