ಕಿತ್ತು ತಿನ್ನೋ ಚೀಸ್ ಬ್ರೆಡ್ಡು, ಮತ್ತೆ ಒಲೆ ಮುಂದೆ ನಿಂತವರ ಪಾಲು

ಸಂಜೆ ಮನೆಗೆ ನಾಲ್ಕು ಜನ ಬರ್ತಾರೆ ಅಂದ ಕೂಡಲೇ ನಮ್ಮಲ್ಲಿ ಮೊದಲು ನೆನಪಾಗೋದು ಬಜ್ಜಿ. ಈರುಳ್ಳಿ, ಹೀರೇಕಾಯಿ, ಬಾಳೇಕಾಯಿ... ಮನೇಲಿ ಏನಿದೆಯೋ ಅದು. ಬಂದವರು ಹಾಲ್‌ನಲ್ಲಿ ಕೂತು ಹರಟೆ ಹೊಡೀತಾರೆ, ಒಳಗಿಂದ ತಟ್ಟೆ ಮೇಲೆ ತಟ್ಟೆ ಬಿಸಿ ಬಜ್ಜಿ ಬರ್ತಾ ಇರುತ್ತೆ. ಬಾಣಲೆ ಮುಂದೆ ನಿಂತವರಿಗೆ ಹೊರಗಿನ ನಗು ಮಾತ್ರ ಕೇಳಿಸುತ್ತೆ, ಯಾತಕ್ಕೆ ನಕ್ಕರು ಅಂತ ಗೊತ್ತಾಗಲ್ಲ. ಕೊನೇ ಒಬ್ಬೆ ತೆಗೆದು, ಕೈ ಒರೆಸಿಕೊಂಡು ಅವರು ಹೊರಗೆ ಬರೋ ಹೊತ್ತಿಗೆ ಬಂದವರು ಚಪ್ಪಲಿ ಹುಡುಕ್ತಾ ಇರ್ತಾರೆ.

ದೋಸೆ, ಅಕ್ಕಿರೊಟ್ಟಿ, ಪೂರಿ, ಬೋಂಡ ಎಲ್ಲದರ ಕತೆಯೂ ಇಷ್ಟೇ. ಬಿಸಿಬಿಸಿಯಾಗಿ ಬಡಿಸೋದು ನಮ್ಮಲ್ಲಿ ಪ್ರೀತಿಯ ಇನ್ನೊಂದು ಹೆಸರು, ಒಪ್ಪಿದೆ. ಆದರೆ ಆ ಪ್ರೀತಿಯ ಖರ್ಚೆಲ್ಲ ಒಬ್ಬರ ಕಾಲಿನ ಮೇಲೇ ಬೀಳುತ್ತೆ. ಆ ಒಬ್ಬರು ಯಾರು ಅಂತ ನಾನು ಹೇಳಬೇಕಾಗಿಲ್ಲ.

ಅದಕ್ಕೇ ನಂದೊಂದು ಸಲಹೆ, ಸಲಹೆ ಅನ್ನೋದಕ್ಕಿಂತ ವಾದ ಅಂತಲೇ ಇಟ್ಕೊಳ್ಳಿ. ಮುಂದಿನ ಸಲ ಜನ ಬಂದಾಗ ಒಂದು ಇಡೀ ಬ್ರೆಡ್ಡಿಗೆ ಚೀಸ್ ತುಂಬಿ, ಬಿಸಿ ಮಾಡಿ, ಮಧ್ಯದಲ್ಲಿಡಿ. ಎಲ್ಲರೂ ಸುತ್ತ ಕೂತು ಕೈಯಿಂದ ಕಿತ್ತು ತಿನ್ನಲಿ, ಮಾಡಿದವರೂ ಸೇರಿ. ಅಮೆರಿಕದ ಮನೆಗಳಲ್ಲಿ ಇದಕ್ಕೆ ಪುಲ್-ಅಪಾರ್ಟ್ ಬ್ರೆಡ್ ಅಂತಾರೆ, ಪಾರ್ಟಿ ದಿನ ಊಟಕ್ಕೆ ಮುಂಚೆ ಮಾಡೋ ತಿಂಡಿ. ಹಿಟ್ಟು ಕಲಸೋ ಕೆಲಸವಿಲ್ಲ, ಹುದುಗು ಬರಿಸೋ ಕೆಲಸವಿಲ್ಲ.

ಆರೆಂಟು ಜನಕ್ಕೆ ನನ್ನ ಲೆಕ್ಕ ಹೀಗೆ. ಸ್ಲೈಸ್ ಮಾಡದ ಒಂದು ದುಂಡು ಬ್ರೆಡ್ಡು, ಸುಮಾರು ೪೦೦ ಗ್ರಾಂ ತೂಕದ್ದು. ನಿನ್ನೆಯದಾದರೆ ಇನ್ನೂ ಒಳ್ಳೇದು, ಇವತ್ತಿನ ಬ್ರೆಡ್ಡು ಮೆತ್ತಗಿದ್ದು ಚಾಕುವಿಗೆ ಸಿಗದೆ ಅಪ್ಪಚ್ಚಿಯಾಗುತ್ತೆ. ಚೀಸ್ ೨೦೦ ಗ್ರಾಂ, ಬೆಣ್ಣೆ ೬೦ ಗ್ರಾಂ, ಜಜ್ಜಿದ ಬೆಳ್ಳುಳ್ಳಿ ಐದಾರು ಎಸಳು, ಸಣ್ಣಗೆ ಹೆಚ್ಚಿದ ಕೊತ್ತಂಬರಿ ಸೊಪ್ಪು, ಎರಡು ಹಸಿಮೆಣಸಿನಕಾಯಿ. ಬೆಣ್ಣೆ ಉಪ್ಪಿನದಾದರೆ ಬೇರೆ ಉಪ್ಪು ಬೇಡ, ಚೀಸ್‌ನಲ್ಲೂ ಉಪ್ಪಿರುತ್ತೆ.

ಹಲ್ಲು ಇರೋ ಬ್ರೆಡ್ ಚಾಕುವಿನಿಂದ ಎರಡೆರಡು ಸೆಂಟಿಮೀಟರ್ ಅಂತರ ಬಿಟ್ಟು ಮೇಲಿನಿಂದ ಸೀಳಿ. ತಳದಲ್ಲಿ ಒಂದು ಸೆಂಟಿಮೀಟರ್ ಹಾಗೇ ಉಳೀಬೇಕು, ಪೂರ್ತಿ ಕೊಯ್ಯಬೇಡಿ. ಆಮೇಲೆ ಬ್ರೆಡ್ಡನ್ನ ಅಡ್ಡ ತಿರುಗಿಸಿ ಮತ್ತೆ ಅದೇ ರೀತಿ ಸೀಳಿ. ಈಗ ಮೇಲಿಂದ ನೋಡಿದರೆ ಚದುರಂಗದ ಮಣೆ ಥರ ಕಾಣುತ್ತೆ. ಬೆಣ್ಣೆ ಕರಗಿಸಿ ಅದಕ್ಕೆ ಬೆಳ್ಳುಳ್ಳಿ, ಸೊಪ್ಪು, ಮೆಣಸಿನಕಾಯಿ ಬೆರೆಸಿ, ಚಮಚದಲ್ಲಿ ಸೀಳುಗಳ ಒಳಗೆ ಬಿಡಿ. ಪ್ರತಿ ಸೀಳಿಗೂ ಚೀಸ್ ತುರುಕಿ. ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ, ಮೊದಲೇ ೧೮೦ ಡಿಗ್ರಿಗೆ ಕಾಯಿಸಿದ ಓವನ್ನಿನಲ್ಲಿ ೧೫ ನಿಮಿಷ ಇಡಿ. ಆಮೇಲೆ ಹಾಳೆ ಬಿಚ್ಚಿ ಇನ್ನೊಂದು ೧೦ ನಿಮಿಷ. ಸುತ್ತಿದ್ದಾಗ ಹಬೆ ಒಳಗೇ ಉಳಿದು, ಮೇಲ್ಭಾಗ ಸೀಯೋ ಮುಂಚೆ ಚೀಸ್ ಕರಗುತ್ತೆ. ಬಿಚ್ಚಿದ ಮೇಲೆ ಹೊರಗಿನ ಅಂಚು ಗರಿಗರಿಯಾಗುತ್ತೆ.

ಸೀಳೋದು, ತುಂಬೋದು, ಸುತ್ತೋದು ಎಲ್ಲಾ ಮಧ್ಯಾಹ್ನವೇ ಮುಗಿಸಿ ಫ್ರಿಜ್‌ನಲ್ಲಿಡಬಹುದು. ಜನ ಬಂದ ಮೇಲೆ ಓವನ್ನಿಗೆ ಹಾಕಿದರಾಯ್ತು, ತಣ್ಣಗಿರೋದರಿಂದ ಐದು ನಿಮಿಷ ಜಾಸ್ತಿ ಬೇಕಾಗುತ್ತೆ. ಆ ಅರ್ಧ ಗಂಟೆ ಅದರ ಮುಂದೆ ಯಾರೂ ನಿಲ್ಲಬೇಕಾಗಿಲ್ಲ. ನನಗೆ ಇಡೀ ತಿಂಡಿಯಲ್ಲಿ ಮುಖ್ಯವಾದದ್ದು ಆ ಅರ್ಧ ಗಂಟೆಯೇ.

ಓವನ್ ಇಲ್ಲವಾ? ನಮ್ಮ ಬೇಕರಿಗಳಲ್ಲಿ ಒಂದಕ್ಕೊಂದು ಅಂಟಿಕೊಂಡಂತೆ ಪಾವ್ ಸಿಗುತ್ತಲ್ಲ, ಅದು ಕಿತ್ತು ತಿನ್ನೋಕೆ ಅಂತಲೇ ಹುಟ್ಟಿದ್ದು. ಬಿಡಿಸದೆ ಹಾಗೇ ಮೇಲಿಂದ ಸೀಳಿ, ತುಂಬಿ, ದಪ್ಪ ತಳದ ಬಾಣಲೆಯಲ್ಲಿಟ್ಟು ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ ಚೀಸ್ ಕರಗೋವರೆಗೆ ಬಿಡಿ. ಮೇಲೆ ಗರಿ ಬರಲ್ಲ, ತಳ ಮಾತ್ರ ಚೆನ್ನಾಗಿ ಕೆಂಪಗಾಗುತ್ತೆ. ಖಾರ ಬನ್ನಿನಲ್ಲೂ ಮಾಡಬಹುದು, ಆಗ ಮೆಣಸಿನಕಾಯಿಯೂ ಬೇಡ.

ಚೀಸ್ ವಿಷಯಕ್ಕೆ ಬರೋಣ. "ಯಾವುದಾದರೇನು, ಎಲ್ಲಾ ಚೀಸೇ ತಾನೇ" ಅನ್ನೋರಿಗೆ ಒಂದು ಮಾತು. ಮೊಝರೆಲ್ಲಾ ಮಾಡುವಾಗ ಹಾಲಿನ ಗಟ್ಟಿಯನ್ನ ಬಿಸಿನೀರಿನಲ್ಲಿ ಎಳೆದೆಳೆದು ನಾದುತ್ತಾರೆ. ಅದರಿಂದ ಪ್ರೋಟೀನು ಎಳೆ ಎಳೆಯಾಗಿ ಜೋಡಣೆಯಾಗುತ್ತೆ, ಬಿಸಿಯಾದಾಗ ದಾರದಂತೆ ಬರೋದು ಅದಕ್ಕೇ. ಡಬ್ಬಿಯಲ್ಲೋ ಕ್ಯೂಬ್ ಆಗಿಯೋ ಬರೋ ಪ್ರೋಸೆಸ್ಡ್ ಚೀಸ್‌ಗೆ ಕೊಬ್ಬು ಬೇರೆಯಾಗದಂತೆ ಹಿಡಿದಿಡೋ ಲವಣಗಳನ್ನ ಹಾಕಿರ್ತಾರೆ. ಅದು ನುಣ್ಣಗೆ ಕರಗುತ್ತೆ, ಎಳೆ ಬರಲ್ಲ. ಪನೀರ್ ಅಂತೂ ಕರಗೋದೇ ಇಲ್ಲ, ಬಿಸಿ ಹಾಲನ್ನ ಹುಳಿ ಹಾಕಿ ಒಡೆದು ಮಾಡಿದ್ದಲ್ವಾ. ನನ್ನ ಲೆಕ್ಕ: ಮೂರು ಪಾಲು ಮೊಝರೆಲ್ಲಾ, ಒಂದು ಪಾಲು ಪ್ರೋಸೆಸ್ಡ್. ಎಳೆಗೆ ಅದು, ರುಚಿಗೆ ಇದು. ಸಸ್ಯಾಹಾರಿಗಳು ಪೊಟ್ಟಣದ ಮೇಲೆ ಹಸಿರು ಚುಕ್ಕೆ ನೋಡ್ಕೊಳ್ಳಿ. ಹೊರದೇಶದಲ್ಲಿರೋರು ರೆನೆಟ್ ಎಲ್ಲಿಂದ ಬಂದದ್ದು ಅಂತ ಓದಿ ಕೊಳ್ಳಿ, ಕೆಲವು ಚೀಸ್‌ಗಳಲ್ಲಿ ಅದು ಕರುವಿನ ಹೊಟ್ಟೆಯಿಂದ ತೆಗೆದದ್ದಾಗಿರುತ್ತೆ.

ಈ ಚೀಸ್‌ನ ಇನ್ನೊಂದು ಗುಣವೇ ನನ್ನ ವಾದಕ್ಕೆ ಬಲ. ಅದು ಯಾರಿಗೂ ಕಾಯಲ್ಲ. ಓವನ್ನಿಂದ ತೆಗೆದ ಹತ್ತು ನಿಮಿಷದಲ್ಲಿ ಬಿಗಿಯೋಕೆ ಶುರುವಾಗುತ್ತೆ. ಮತ್ತೆ ಬಿಸಿ ಮಾಡಿದರೆ ಎಣ್ಣೆ ಬಿಟ್ಟುಕೊಂಡು ರಬ್ಬರಿನಂತಾಗುತ್ತೆ. "ನೀವು ತಿನ್ನಿ, ನಾನು ಆಮೇಲೆ ತಿಂತೀನಿ" ಅನ್ನೋ ನಮ್ಮ ಮನೆಗಳ ಹಳೇ ಡೈಲಾಗಿಗೆ ಇಲ್ಲಿ ಜಾಗವೇ ಇಲ್ಲ. ಆಮೇಲೆ ಅನ್ನೋದೇ ಇಲ್ಲ! ಕೂತರೆ ಎಲ್ಲರೂ ಒಟ್ಟಿಗೇ ಕೂರಬೇಕು.

ಇದು ಪೇಟೆಯ ಹೊಸ ಶೋಕಿ ಅನ್ನೋರೂ ಇದ್ದಾರೆ. ಜಾರ್ಜಿಯಾ ದೇಶ ಕೇಳಿದ್ದೀರಲ್ಲ, ಕಪ್ಪು ಸಮುದ್ರದ ದಂಡೆಯದು. ಅಲ್ಲಿ ಖಾಚಪುರಿ ಅಂತ ಚೀಸ್ ತುಂಬಿದ ಬ್ರೆಡ್ಡಿದೆ, ಹೆಚ್ಚೂ ಕಡಿಮೆ ನಮಗೆ ದೋಸೆ ಇದ್ದಂತೆ. ಒಂದೊಂದು ಸೀಮೆಗೆ ಒಂದೊಂದು ಥರ. ಇಮೆರೇತಿಯದು ದುಂಡಗೆ, ಚೀಸ್ ಒಳಗೆ ಮುಚ್ಚಿಕೊಂಡಿರುತ್ತೆ, ನಮ್ಮ ಹೋಳಿಗೆ ಥರ. ಅಜಾರಿಯಾದ್ದು ದೋಣಿಯಾಕಾರ, ನಡುವೆ ಕರಗಿದ ಚೀಸ್, ಅದರ ಮೇಲೆ ಮೊಟ್ಟೆ ಮತ್ತು ಬೆಣ್ಣೆ. ಅವೆಲ್ಲವನ್ನೂ ಕಲಕಿ, ದೋಣಿಯ ಅಂಚನ್ನ ಕೈಯಿಂದ ಮುರಿದು ಅದರಲ್ಲಿ ಅದ್ದಿ ತಿಂತಾರೆ. ಟಿಬಿಲಿಸಿಯ ಅರ್ಥಶಾಸ್ತ್ರ ಶಾಲೆಯೊಂದು ಬೆಲೆಯೇರಿಕೆ ಅಳೆಯೋಕೆ ಒಂದು ಖಾಚಪುರಿ ಮಾಡಲು ಎಷ್ಟು ಖರ್ಚಾಗುತ್ತೆ ಅನ್ನೋದನ್ನೇ ಸೂಚ್ಯಂಕ ಮಾಡಿಕೊಂಡಿತು. ಇಟಲಿಯ ರೆಕ್ಕೋ ಊರಿನವರು ಎರಡು ತೆಳು ಹಿಟ್ಟಿನ ಹಾಳೆಗಳ ಮಧ್ಯೆ ಮೆದು ಚೀಸ್ ಇಟ್ಟು ಬೇಯಿಸೋ ತಮ್ಮ ಫೊಕಾಚ್ಚಾಗೆ ೨೦೧೫ರಲ್ಲಿ ಐರೋಪ್ಯ ಒಕ್ಕೂಟದ ಭೌಗೋಳಿಕ ಗುರುತು ಪಡೆದುಕೊಂಡರು, ಮೈಸೂರು ಮಲ್ಲಿಗೆಗೆ ನಮ್ಮಲ್ಲಿ ಸಿಕ್ಕಿರೋ ಹಾಗೆ. ಶೋಕಿಗೆ ಯಾರೂ ಇಷ್ಟೆಲ್ಲ ಒದ್ದಾಡಲ್ಲ.

ಇನ್ನು ದೊಡ್ಡ ತಕರಾರು, ಎಂಜಲು. ಒಂದೇ ಬ್ರೆಡ್ಡಿಗೆ ಎಂಟು ಕೈ ಅಂದರೆ ನಮ್ಮ ಅಜ್ಜಿಯರು ಬಿಡಿ, ನಮಗೇ ಒಂದು ಥರ ಆಗುತ್ತೆ. ಊಟದ ಮಧ್ಯೆ ಎಡಗೈಯಲ್ಲಿ ಸೌಟು ಹಿಡಿದು ಬಡಿಸಿಕೊಂಡು ಬೆಳೆದವರು ನಾವು. ಆ ಅಭ್ಯಾಸದಲ್ಲಿ ಒಳ್ಳೇ ಅರ್ಥವಿದೆ, ನಾನದನ್ನ ಅಲ್ಲಗಳೆಯಲ್ಲ. ಬ್ರೆಡ್ಡನ್ನ ಚದುರಂಗದ ಮಣೆಯಂತೆ ಸೀಳೋದು ಇಲ್ಲೂ ಉಪಯೋಗಕ್ಕೆ ಬರುತ್ತೆ: ಒಂದು ಮನೆ ಹಿಡಿದರೆ ಒಂದೇ ಮನೆ ಬರುತ್ತೆ, ಪಕ್ಕದ್ದನ್ನ ಮುಟ್ಟಬೇಕಾಗಿಲ್ಲ. ಮುಟ್ಟಿದ್ದು ನಿಮ್ಮದು, ವಾಪಸ್ ಇಡೋ ಹಾಗಿಲ್ಲ ಅಂತ ಒಂದೇ ನಿಯಮ ಮಾಡಿ. ಮಡಿ ಮೈಲಿಗೆಯ ಹಿರಿಯರಿದ್ದರೆ ಯಾರೂ ಕೈ ಹಾಕೋ ಮುಂಚೆ ಅವರಿಗೆ ಬೇರೆ ತಟ್ಟೆಗೆ ತೆಗೆದಿಡಿ. ಆದರೆ ಇಡೀ ಬ್ರೆಡ್ಡನ್ನ ಅಡುಗೆಮನೆಯಲ್ಲೇ ತುಂಡು ಮಾಡಿ ಎಲ್ಲರಿಗೂ ಒಂದೊಂದು ತಟ್ಟೆ ಹಂಚಬೇಡಿ ದಯವಿಟ್ಟು. ಹಾಗೆ ಮಾಡಿದಿರೋ, ಬಡಿಸೋರು ಒಬ್ಬರು, ತಿನ್ನೋರು ಏಳು ಜನ. ಬಾಣಲೆ ಬದಲು ಓವನ್ ಬಂತು ಅಷ್ಟೇ, ಬೇರೇನೂ ಬದಲಾಗಲಿಲ್ಲ.

ಮೈದಾ, ಬೆಣ್ಣೆ, ಚೀಸ್... ಆರೋಗ್ಯದ ಗತಿ? ದಿನಾ ತಿನ್ನಿ ಅಂತ ಯಾರು ಹೇಳಿದರು? ೨೦೦ ಗ್ರಾಂ ಚೀಸ್ ಎಂಟು ಜನಕ್ಕೆ ಹಂಚಿದರೆ ತಲೆಗೆ ೨೫ ಗ್ರಾಂ. ಒಬ್ಬರೇ ಕೂತು ಒಂದು ಪೂರ್ತಿ ಪಿಜ್ಜಾ ಮುಗಿಸೋದಕ್ಕಿಂತ ವಾಸಿ :)

ಹಾಗಂತ ನಮ್ಮ ತಿಂಡಿ ಬಿಡಿ ಅಂತ ನಾನು ಹೇಳ್ತಿಲ್ಲ. ನಮ್ಮ ಇಡ್ಲಿ, ಕಡುಬು, ನುಚ್ಚಿನುಂಡೆ ಕೂಡ ಇದೇ ಜಾತಿಯವು. ಒಂದು ಸಲ ಇಟ್ಟರೆ ಒಂದು ಮನೆಗಾಗುವಷ್ಟು ಒಟ್ಟಿಗೆ ಬೇಯುತ್ತೆ, ಇಟ್ಟವರು ಹೋಗಿ ಕೂರಬಹುದು. ಪ್ರಶ್ನೆ ಬ್ರೆಡ್ಡೋ ಇಡ್ಲಿಯೋ ಅನ್ನೋದಲ್ಲ. ಬಿಸಿ ಬಿಸಿ ಅನ್ನೋದು ಮಾಡಿದವರ ನಾಲಿಗೆಗೂ ತಲುಪುತ್ತಾ ಅನ್ನೋದು. ಇನ್ನೊಂದು ಅನುಕೂಲ ನೋಡಿ: ಇದಕ್ಕೆ ಹದ, ಪಾಕ, ಕೈಗುಣ ಯಾವುದೂ ಬೇಡ. ಚಾಕು ಹಿಡಿಯೋಕೆ, ಗಡಿಯಾರ ನೋಡೋಕೆ ಬಂದರೆ ಸಾಕು. "ನಂಗೆ ಅಡುಗೆ ಬರಲ್ಲ ಕಣ್ರೀ" ಅನ್ನೋ ಗಂಡಸರಿಗೆ ತಪ್ಪಿಸಿಕೊಳ್ಳೋಕೆ ದಾರಿಯೇ ಇಲ್ಲ!

ನಿಮ್ಮ ಮನೇಲಿ ಹೀಗೆ ಮಾಡಿದವರೂ ಎಲ್ಲರ ಜೊತೆ ಕೂತು ಬಿಸಿಯಾಗಿ ತಿನ್ನೋ ತಿಂಡಿ ಯಾವುದಿದೆ? ಗೊತ್ತಿದ್ದರೆ ಕೆಳಗೆ ಬರೀರಿ, ಪಟ್ಟಿ ಮಾಡೋಣ. ಅಡುಗೆಮನೆಯಲ್ಲಿರೋರನ್ನ ಕೇಳಿ ಬರೆದರೆ ಇನ್ನೂ ಚೆನ್ನ.