ತಡವಾಗಿ ಬಂದ ಟ್ಯಾಬ್‌ಗೆ ಪೇಟೆಯಲ್ಲಿ ಜಾಗವಿದೆಯೇ?

ವಿಜಯಪುರದ ಗಾಂಧಿ ಚೌಕದ ಸುತ್ತಲಿನ ಯಾವ ಅಂಗಡಿಯಲ್ಲಿ ಟ್ಯಾಬ್ ಕೇಳಿದರೂ ಮೂರು ನಾಲ್ಕು ಹೆಸರಿಗೆ ಮಾತು ಮುಗಿಯುತ್ತದೆ. ಸ್ಯಾಮ್‌ಸಂಗ್, ಲೆನೊವೊ, ಶಿಯೋಮಿ. ರೊಕ್ಕ ಹೆಚ್ಚಿದ್ದವರಿಗೆ ಐಪ್ಯಾಡ್. ಇವುಗಳ ನಡುವೆ ಈಗ ಹೊಸದೊಂದು ಕಂಪನಿ ಟ್ಯಾಬ್ ತಂದರೆ ಉಳಿದೀತೇ ಎಂದು ಕೇಳಿದರೆ, ತಿಳಿದವರೆಲ್ಲ ಕೊಡುವ ಉತ್ತರ ಒಂದೇ: ತಡವಾಯಿತು, ಇನ್ನು ಜಾಗವಿಲ್ಲ.

ನನಗೆ ಈ ಉತ್ತರ ಒಪ್ಪಿಗೆಯಿಲ್ಲ. ತಡವಾದದ್ದೇ ಸೋಲಿಗೆ ಕಾರಣ ಎನ್ನುವುದಾದರೆ, ಬೇಗ ಬಂದದ್ದಾದರೂ ಗೆಲ್ಲಬೇಕಿತ್ತಲ್ಲ? ಬೇಗ ಬಂದು ಸೋತದ್ದರ ಕಥೆ ನಮ್ಮ ರಾಜ್ಯದಲ್ಲೇ ಇದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯವರು ಸೇರಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಕಟ್ಟಿದರು. ಅಂಗೈಯಲ್ಲಿ ಹಿಡಿಯುವ, ಪರದೆ ಮುಟ್ಟಿ ನಡೆಸುವ, ಲಿನಕ್ಸ್ ಮೇಲೆ ಓಡುವ, ಕನ್ನಡವನ್ನು ಓದಿ ಹೇಳುವ ಕಂಪ್ಯೂಟರ್ ಮಾಡುವುದು ಅವರ ಗುರಿ. ಬಡವನೊಬ್ಬ ಇಡೀ ಯಂತ್ರ ಕೊಳ್ಳಲಾರ ಎಂಬುದು ಅವರಿಗೆ ಗೊತ್ತಿತ್ತು. ಹಾಗಾಗಿ ಸ್ಮಾರ್ಟ್ ಕಾರ್ಡ್ ಯೋಚಿಸಿದರು: ಊರಿಗೊಂದು ಯಂತ್ರ, ಮನೆಗೊಂದು ಕಾರ್ಡ್, ಕಾರ್ಡ್ ತೂರಿಸಿದವರಿಗೆ ಅವರವರ ಲೆಕ್ಕ, ಅವರವರ ಕಡತ. 2004ರ ಏಪ್ರಿಲ್‌ನಲ್ಲಿ ಬಿಇಎಲ್ ಮತ್ತು ಪಿಕೊಪೆಟಾ ಕಂಪನಿಗಳು ಸೇರಿ 'ಅಮಿಡಾ' ಹೆಸರಿನಲ್ಲಿ ಅದನ್ನು ಮಾರಾಟಕ್ಕಿಟ್ಟವು. ಕಡಿಮೆ ದರದ ಮಾದರಿಗೆ ಸುಮಾರು 10 ಸಾವಿರ ರೂಪಾಯಿ. ಕೈಯಲ್ಲಿ ಹಿಡಿದು ಓಲಾಡಿಸಿದರೆ ಅದಕ್ಕೆ ತಿಳಿಯುತ್ತಿತ್ತು. ಐಫೋನ್ ಬಂದದ್ದು ಅದಾದ ಮೂರು ವರ್ಷಕ್ಕೆ, ಐಪ್ಯಾಡ್ ಆರು ವರ್ಷಕ್ಕೆ. ಇಷ್ಟು ಮುಂದಿದ್ದ ಸಿಂಪ್ಯೂಟರ್ ಕೆಲವು ಸಾವಿರ ಮಾರಾಟವಾಗಿ ನಿಂತುಹೋಯಿತು.

ಐಪ್ಯಾಡ್ ಆದರೋ ಲೆಕ್ಕಕ್ಕೆ ತಡವಾಗಿ ಬಂದದ್ದೇ. ಮೈಕ್ರೋಸಾಫ್ಟ್‌ನ ಟ್ಯಾಬ್ಲೆಟ್ ಪಿಸಿ 2002ರಲ್ಲೇ ಬಂದು ಯಾರಿಗೂ ಬೇಡವಾಗಿತ್ತು. 2010ರಲ್ಲಿ ಆಪಲ್ ಬರುವಾಗ ಅದರ ಬೆನ್ನಿಗೆ ಹಾಡಿನ ಅಂಗಡಿ, ಆ್ಯಪ್‌ಗಳ ಅಂಗಡಿ, ಐಫೋನ್ ಬಳಸಿ ಬೆರಳು ಪಳಗಿದ ಲಕ್ಷಾಂತರ ಗಿರಾಕಿಗಳು ಆಗಲೇ ಇದ್ದರು. ಮರುವರ್ಷ ಜುಲೈ 1ಕ್ಕೆ ಎಚ್‌ಪಿ ತಂದ ಟಚ್‌ಪ್ಯಾಡ್ 49 ದಿನ ಬದುಕಿತು. ಆಗಸ್ಟ್ 18ಕ್ಕೆ ಕಂಪನಿಯೇ ಕೈತೊಳೆದುಕೊಂಡಿತು. ಉಳಿದ ದಾಸ್ತಾನಿನ ದರವನ್ನು 99 ಡಾಲರಿಗೆ ಇಳಿಸಿದ ಕೂಡಲೇ ಜನ ಮುಗಿಬಿದ್ದರು. ಯಂತ್ರ ಕೆಟ್ಟದ್ದಾಗಿದ್ದರೆ ಹೀಗಾಗುತ್ತಿರಲಿಲ್ಲ. ಅದೇ ವರ್ಷ ನವೆಂಬರಿನಲ್ಲಿ, ಎಚ್‌ಪಿಗಿಂತಲೂ ತಡವಾಗಿ, ಅಮೆಜಾನ್ 199 ಡಾಲರಿಗೆ ಕಿಂಡಲ್ ಫೈರ್ ಬಿಟ್ಟಿತು. ಅದು ಚೆನ್ನಾಗಿಯೇ ಹೋಯಿತು. ಅಮೆಜಾನ್ ಮಾರಲು ಹೊರಟದ್ದು ಪುಸ್ತಕ, ಸಿನಿಮಾಗಳನ್ನು. ಟ್ಯಾಬ್ ಅದಕ್ಕೊಂದು ಚೀಲ ಅಷ್ಟೆ.

ಗೆದ್ದವರ ಯಂತ್ರಕ್ಕಿಂತ ಅದರ ಸುತ್ತ ಕೂಡಿಕೊಂಡದ್ದನ್ನು ಎದುರಿಸುವುದೇ ಕಷ್ಟ. ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬರ ಬಿದ್ದ ವರ್ಷ ಟ್ಯಾಂಕರ್ ನೀರು ಹಾಕಿ ಬಳ್ಳಿ ಉಳಿಸಿಕೊಂಡು, ಶೆಡ್ಡಿನ ಬಲೆಗಳ ಮೇಲೆ ಒಣಗಿಸಿ, ಆರಿಸಿ, ಡಬ್ಬಿಗೆ ತುಂಬಿದ ಒಣದ್ರಾಕ್ಷಿ ಬಹುಕಾಲದಿಂದ ಗಡಿ ದಾಟಿ ತಾಸಗಾಂವ್, ಸಾಂಗ್ಲಿ ಪೇಟೆಗೇ ಹೋಗುತ್ತಿದೆ. ಇಲ್ಲಿನ ಮಾಲು ಕಡಿಮೆಯದೆಂದಲ್ಲ, ವಿಜಯಪುರದ ಎಪಿಎಂಸಿ ದೂರವೆಂದೂ ಅಲ್ಲ. ಸವಾಲು ಕೂಗುವ ದಲಾಲರು, ಮಾಲು ಇಡುವ ಕೋಲ್ಡ್ ಸ್ಟೋರೇಜ್, ಮುಂಗಡ ಕೊಡುವ ಕೈ, ದೂರದ ಊರುಗಳ ಖರೀದಿದಾರರು, ಎಲ್ಲರೂ ಅಲ್ಲೇ ಇದ್ದಾರೆ. ಖರೀದಿದಾರ ಬರುತ್ತಾನೆಂದು ರೈತ ಹೋಗುತ್ತಾನೆ, ರೈತ ಬರುತ್ತಾನೆಂದು ಖರೀದಿದಾರ. ಈ ಗಂಟು ಬಿಚ್ಚದೆ ಹೊಸ ಪೇಟೆಗೆ ಎಷ್ಟು ಚೆಂದದ ಕಟ್ಟೆ ಕಟ್ಟಿಸಿದರೂ ಅಲ್ಲಿ ಗಾಡಿ ನಿಲ್ಲುವುದಿಲ್ಲ.

ಟ್ಯಾಬ್‌ಗಳ ಗಂಟು ಎಲ್ಲಿದೆ ಎಂಬುದು ನನಗೆ ಒಮ್ಮೆ ರಿಪೇರಿ ಅಂಗಡಿಯೊಂದರಲ್ಲಿ ಕಂಡಿತು. ತಿಕೋಟಾ ಕಡೆಯ ಹಿರಿಯರೊಬ್ಬರು ಮಗಳ ಟ್ಯಾಬ್ ತಂದಿದ್ದರು. ಹೆಸರು ಕೇಳದ ಯಾವುದೋ ಕಂಪನಿಯದು. ಪರದೆ ಮೂಲೆಯಿಂದ ಮೂಲೆಗೆ ಸೀಳಿತ್ತು.

"ತಮ್ಮಾ, ಇದಕ್ಕ ಗ್ಲಾಸ್ ಹಾಕಿ ಕೊಡ್ತಿಯೇನು?"

"ಇದರ ಡಿಸ್‌ಪ್ಲೇ ಇಲ್ಲಿ ಸಿಗಂಗಿಲ್ರಿ ಕಾಕಾ. ಸ್ಯಾಮ್‌ಸಂಗ್ ಆಗಿದ್ರ ನಾಳೆ ಸಂಜೀಕ ಕೊಡ್ತಿದ್ದೆ."

"ಹಂಗಾರ ಇದನ್ನೇನ್ ಮಾಡ್ಲಿ?"

"ಮಗಳಿಗೊಂದು ದೊಡ್ಡ ಫೋನ್ ಕೊಡಸ್ರಿ. ಅದರಾಗ ಎಲ್ಲಾ ಬರ್ತೈತಿ."

ಹುಡುಗನ ಕೊನೆಯ ಮಾತು ಬಹುಪಾಲು ಕಂಪನಿಗಳ ಲೆಕ್ಕದಲ್ಲಿ ಇರುವುದೇ ಇಲ್ಲ. ಹೊಸ ಟ್ಯಾಬ್ ಮಾಡುವವರು ಐಪ್ಯಾಡನ್ನು ಎದುರಿಗಿಟ್ಟುಕೊಂಡು ಕೂರುತ್ತಾರೆ. ವಿಜಯಪುರ ಜಿಲ್ಲೆಯಲ್ಲಿ ಟ್ಯಾಬ್‌ಗೆ ನಿಜವಾದ ಎದುರಾಳಿ ಹತ್ತು ಹನ್ನೆರಡು ಸಾವಿರದ ಫೋನು. ಅದು ಜೇಬಿಗೆ ಹೋಗುತ್ತದೆ, ಕರೆ ಮಾಡುತ್ತದೆ, ದುಡ್ಡು ಕಳಿಸುತ್ತದೆ, ಮನೆಯವರೆಲ್ಲರ ಕೈಗೂ ಸಾಗುತ್ತದೆ. ಸಿಂಪ್ಯೂಟರಿನ ದಾರಿಗೆ ಅಡ್ಡ ಬಂದದ್ದೂ ಇನ್ನೊಂದು ಸಿಂಪ್ಯೂಟರ್ ಅಲ್ಲ, ದಿನೇ ದಿನೇ ಅಗ್ಗವಾಗುತ್ತಿದ್ದ ಮೊಬೈಲು.

ಹಣ ಸುರಿದು ಗೆಲ್ಲಬಹುದಲ್ಲ ಎನ್ನುವವರಿದ್ದಾರೆ. ಗೆಲ್ಲಬಹುದು. ಏರ್‌ಟೆಲ್, ವೊಡಾಫೋನ್, ಐಡಿಯಾ ಬೇರು ಬಿಟ್ಟ ಮೇಲೆ 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂತು, ತಿಂಗಳುಗಟ್ಟಲೆ ಪುಕ್ಕಟೆ ಕೊಟ್ಟಿತು, ಪೇಟೆಯನ್ನೇ ಬುಡಮೇಲು ಮಾಡಿತು. ಮೈಕ್ರೋಸಾಫ್ಟ್ ಕೂಡ ಸರ್ಫೇಸ್ ಟ್ಯಾಬ್‌ನಲ್ಲಿ 2013ರಲ್ಲಿ 90 ಕೋಟಿ ಡಾಲರ್ ನಷ್ಟ ಬರೆದುಕೊಂಡೂ ಬಿಡದೆ ನಿಂತಿತು. ಅಷ್ಟು ರೊಕ್ಕವೂ ಅಷ್ಟು ತಾಳ್ಮೆಯೂ ಉಳ್ಳವರಿಗೆ ನನ್ನ ಸಲಹೆ ಬೇಕಾಗಿಲ್ಲ.

ಸಣ್ಣವರಿಗೆ ಸುಲಭವಾಗಿ ಕಾಣುವ ದಾರಿ ಸರ್ಕಾರದ್ದು. ಕೊರೊನಾ ಕಾಲದಲ್ಲಿ, 2021ರ ಜೂನ್‌ನಲ್ಲಿ, ರಾಜ್ಯ ಸರ್ಕಾರ ತನ್ನ ಪದವಿ, ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ ಹಂಚಲು ಶುರುಮಾಡಿತು. ಯಾವ ಹೊಸ ಕಂಪನಿಗಾದರೂ ಬಾಯಲ್ಲಿ ನೀರೂರಿಸುವ ಅಂಕಿ. ಮಕ್ಕಳ ಕೈಗೆ ಸಿಕ್ಕದ್ದು ಒಳ್ಳೆಯದೇ, ಅದರಲ್ಲಿ ನನ್ನ ತಕರಾರಿಲ್ಲ. ಆದರೆ ಟೆಂಡರಿನಲ್ಲಿ ಕೊಳ್ಳುವವರು ಒಬ್ಬರು, ಬಳಸುವವರು ಇನ್ನೊಬ್ಬರು. ಕೊಳ್ಳುವ ಕಚೇರಿಗೆ ಬೇಕಾದದ್ದು ದರಪಟ್ಟಿ. ಬಳಸುವ ಹುಡುಗಿಗೆ ಬೇಕಾದದ್ದು ಎರಡು ವರ್ಷದ ನಂತರವೂ ಚಾರ್ಜ್ ನಿಲ್ಲುವ ಬ್ಯಾಟರಿ. ದರಪಟ್ಟಿಗೆ ತಕ್ಕಂತೆ ಯಂತ್ರ ಮಾಡಿ ರೂಢಿಯಾದವರಿಗೆ ಆದೇಶ ಮುಗಿದ ದಿನ ಪೇಟೆಯಲ್ಲಿ ಗುರುತು ಹಿಡಿಯುವವರೇ ಇರುವುದಿಲ್ಲ. 2011ರಲ್ಲಿ ದೇಶವೆಲ್ಲ ಮಾತಾಡಿದ, ಕೇಂದ್ರ ಸರ್ಕಾರದ 'ಆಕಾಶ್' ಟ್ಯಾಬ್ ಈಗ ಎಷ್ಟು ಜನರಿಗೆ ನೆನಪಿದೆ?

ಹಾಗಾದರೆ ಜಾಗ ಎಲ್ಲಿದೆ? ದೊಡ್ಡವರು ಇನ್ನೂ ಏನನ್ನೂ ಕೂಡಿಹಾಕದ ಕಡೆ ಇದೆ. ಕನ್ನಡ ಮಾಧ್ಯಮದಲ್ಲಿ ಓದುವ ಎಂಟನೇ ತರಗತಿಯ ಮಗುವಿಗಾಗಿ ಆ ಯಾವ ಟ್ಯಾಬೂ ಹುಟ್ಟಿಲ್ಲ. ಪಠ್ಯಪುಸ್ತಕಗಳು ನೆಟ್ ಇಲ್ಲದೆಯೂ ತೆರೆಯಬೇಕು, ಪಾಠವನ್ನು ಕನ್ನಡದಲ್ಲಿ ಓದಿ ಹೇಳಬೇಕು, ಬರೆದ ಲೆಕ್ಕ ತಿದ್ದಬೇಕು. ಇಷ್ಟನ್ನು ಚೆನ್ನಾಗಿ ಮಾಡುವ ಯಂತ್ರಕ್ಕೆ ದೊಡ್ಡ ಫೋನ್ ಕೊಡಿಸಿ ಎನ್ನುವ ಮಾತು ಉತ್ತರವಾಗುವುದಿಲ್ಲ.

ರಾಜ್ಯ ಸರ್ಕಾರದ ಕಂಪನಿ ಕಿಯೋನಿಕ್ಸ್ 2025ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ತೋರಿಸಿದ 'ಕಿಯೋ' ಈ ಜಾಗದ ಮೇಲೆಯೇ ಕಣ್ಣಿಟ್ಟಿದೆ. ಅದು ಟ್ಯಾಬ್ ಅಲ್ಲ, ಪರದೆಗೆ ಜೋಡಿಸಿಕೊಳ್ಳುವ ಪುಟ್ಟ ಪೆಟ್ಟಿಗೆ. ದರ 18,999 ರೂಪಾಯಿ, ಲಿನಕ್ಸ್ ತಂತ್ರಾಂಶ, ರಾಜ್ಯ ಪಠ್ಯಕ್ರಮ ಕಲಿತ ಎಐ ಸಹಾಯಕ. ತಡವಾಗಿ ಬಂತೆಂದು ಅದನ್ನು ತಳ್ಳಿಹಾಕಲಾರೆ. ನನ್ನ ಅನುಮಾನ ಬೇರೆ. ಬಬಲೇಶ್ವರದ ಪ್ರೌಢಶಾಲೆಯೊಂದರಲ್ಲಿ ಅದರ ಅಡಾಪ್ಟರ್ ಸುಟ್ಟರೆ ಮೇಷ್ಟ್ರು ಬೆಳಗಿನ ಬಸ್ ಹತ್ತಿ ವಿಜಯಪುರಕ್ಕೆ ಹೋಗಿ ಇನ್ನೊಂದು ತಂದು ಮಧ್ಯಾಹ್ನದ ಪಾಠಕ್ಕೆ ಹಚ್ಚುವಂತಿರುತ್ತದೋ, ಇಲ್ಲಾ ಬೆಂಗಳೂರಿಗೆ ಪತ್ರ ಬರೆದು ಕಾಯಬೇಕಾಗುತ್ತದೋ? ಮೊದಲನೆಯದಾದರೆ ನಾನೂ ಒಂದು ಕೊಳ್ಳುತ್ತೇನೆ.