ಪ್ರೋಟೀನ್ ಡಬ್ಬಿ ಮತ್ತು ಅಜ್ಜಿಯ ಬಾಟಲಿ (ಭಾಗ 4)

ಮೊದಲ ಫೋಟೋ ನೋಡಿ. ಹಳೇ ಹಾರ್ಲಿಕ್ಸ್ ಬಾಟಲಿಯಲ್ಲಿ ಬೂದಿ ಬೆರೆಸಿ ಇಟ್ಟ ಕೆಂಪು ಅಲಸಂಡೆ ಬೀಜ. ಒಂದು ಹಿಡಿ ಇರಬಹುದು, ಅಷ್ಟೇ. ಪಕ್ಕದಲ್ಲಿ ಬಿಳಿ ಅಲಸಂಡೆಯದ್ದೂ ಒಂದು ಬಾಟಲಿ ಇತ್ತು. ಕಳೆದ ವರ್ಷ ಬೀಜಕ್ಕೆ ಬಿಟ್ಟ ಕಾಯಿ ಪೂರಾ ಮಳೆಗೆ ಕೊಳೆಯಿತು, ಅಲ್ಲಿಗೆ ಅದು ಮುಗಿಯಿತು. ಅಜ್ಜಿ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. "ಎಂತ, ಒಂದು ಅಲಸಂಡೆಗೆ ಇಷ್ಟಾ?" ಅಂತ ನನಗೆ ಆಗ ಅನಿಸಿದ್ದು ನಿಜ.

ಸ್ವೈಪ್ ಮಾಡಿ. ಇದು ಪುತ್ತೂರಿನಲ್ಲಿ ಜಿಮ್‌ಗೆ ಹೋಗುವ ನಮ್ಮ ಕ್ಲಾಸಿನವನ ಪ್ರೋಟೀನ್ ಡಬ್ಬಿ (ಹೆಸರು ಹೇಳುವುದಿಲ್ಲ, ಅವನೇ ಕಮೆಂಟ್ ಮಾಡ್ತಾನೆ). 'ಪ್ಲಾಂಟ್ ಬೇಸ್ಡ್' ಅಂತ ದೊಡ್ಡದಾಗಿ ಉಂಟು. ಒಳಗಿರುವುದು ಹಳದಿ ಬಟಾಣಿಯ ಪ್ರೋಟೀನ್. ಹಳದಿ ಬಟಾಣಿ ನಮ್ಮ ದೇಶಕ್ಕೆ ಹೆಚ್ಚಾಗಿ ಬರುವುದು ಕೆನಡಾ, ರಷ್ಯಾದಿಂದ. 2023ರ ಡಿಸೆಂಬರ್‌ನಲ್ಲಿ ಸರ್ಕಾರ ಅದರ ಆಮದು ಸುಂಕವನ್ನೇ ತೆಗೆದಿತ್ತು.

ಡಬ್ಬಿ ಕೆಟ್ಟದು ಅಂತ ಹೇಳ್ತಾ ಇಲ್ಲ ಮಾರಾಯ್ರೆ. ಬೇಳೆಕಾಳಿನ ಗಿಡ ಬೇರಿನ ಗಂಟಿನಲ್ಲಿರುವ ಬ್ಯಾಕ್ಟೀರಿಯಾದಿಂದ ಗಾಳಿಯ ಸಾರಜನಕ ಹಿಡಿಯುತ್ತದೆ, ಯೂರಿಯಾ ಖರ್ಚು ಉಳಿಯುತ್ತದೆ. ಆದರೆ ಸಸ್ಯ ಪ್ರೋಟೀನ್ ಅಂದರೆ ಒಂದೇ ಬಟಾಣಿ ಅಂತಾದರೆ ನನಗೆ ತಕರಾರು ಉಂಟು.

ಹತ್ತನೇ ಕ್ಲಾಸಿನ ಮೆಂಡೆಲ್ ನೆನಪುಂಟಾ? ಅವನು ಬೀಜ ವ್ಯಾಪಾರಿಗಳಿಂದ ತರಿಸಿದ್ದು 34 ಬಗೆಯ ಬಟಾಣಿ. ಎರಡು ವರ್ಷ ಬೆಳೆಸಿ ನೋಡಿ 22 ಇಟ್ಟುಕೊಂಡ. ಬಟಾಣಿ ತನ್ನ ಹೂವಿನೊಳಗೇ ಪರಾಗಸ್ಪರ್ಶ ಮಾಡಿಕೊಳ್ಳುತ್ತದೆ, ಹಾಗಾಗಿ ತಳಿ ಬೆರೆಯುವುದಿಲ್ಲ. ಅಲಸಂಡೆಯೂ ಹೆಚ್ಚುಕಡಿಮೆ ಹಾಗೆಯೇ. ಅಜ್ಜಿ ವರ್ಷ ವರ್ಷ ಬೀಜ ಕೊಳ್ಳದೆ ಅದೇ ಅಲಸಂಡೆ ಬೆಳೆದದ್ದು ಇದರಿಂದ. ಆದರೆ ಒಂದೇ ಮನೆಯಲ್ಲಿ ಉಳಿದ ಬೀಜಕ್ಕೆ ಒಂದು ಕೆಟ್ಟ ಮಳೆ ಸಾಕು.

ಅಜ್ಜಿ ಮದುವೆಯಾಗಿ ಬಂದಾಗ ಸುಳ್ಯದ ನಮ್ಮ ಈಗಿನ ತೋಟ ಗದ್ದೆಯಾಗಿತ್ತಂತೆ. ಭತ್ತ ಕೊಯ್ದ ಮೇಲೆ ಮಣ್ಣಲ್ಲಿ ಪಸೆ ಇರುವಾಗಲೇ ಉದ್ದು, ಹೆಸರು, ಹುರುಳಿ, ಅಲಸಂಡೆ. ಅಡಿಕೆ ಹಾಕಿದ್ದು ತಪ್ಪು ಅಂತ ಹೇಳಲು ನನಗೆ ಬಾಯಿಲ್ಲ, ನನ್ನ ಫೀಸು ಅದರದ್ದೇ. ಅಡಿಕೆ ತಗೊಂಡು ಹೋದರೆ ಕ್ಯಾಂಪ್ಕೋ ಉಂಟು, ಪೇಟೆಯಲ್ಲಿ ವ್ಯಾಪಾರಿಗಳು ಉಂಟು, ರೇಟು ಪೇಪರಲ್ಲೇ ಬರುತ್ತದೆ. ಎರಡು ಕೆ.ಜಿ. ಕೆಂಪು ಅಲಸಂಡೆ ಹಿಡ್ಕೊಂಡು ಹೋದರೆ ಯಾರು ಕೇಳ್ತಾರೆ? ಬಿಕಾಂ ಭಾಷೆಯಲ್ಲಿ ಹೇಳುವುದಾದರೆ ಆ ಬಾಟಲಿಗೆ ಬ್ಯಾಲೆನ್ಸ್ ಶೀಟಿನಲ್ಲಿ ಜಾಗವೇ ಇಲ್ಲ. ಆದರೆ ಹಳದಿ ಎಲೆ ರೋಗ, ಈಗ ಎಲೆಚುಕ್ಕಿ ರೋಗ ಬಂದ ತೋಟ ನೋಡಿದವರಿಗೆ ಒಂದೇ ಬೆಳೆ ನಂಬುವುದೆಂದರೆ ಎಂತ ಅಂತ ನಾನು ಹೇಳಬೇಕಾಗಿಲ್ಲ.

ಮತ್ತೆ ರುಚಿ. ಪದೆಂಗಿ-ಬಜಿಲ್ ತಿಂದವರೇ ಅಲ್ವಾ ನಾವು? ಅಕ್ಕಿಯಲ್ಲಿ ಕಡಿಮೆ ಇರುವ ಲೈಸಿನ್ ಹೆಸರುಕಾಳಲ್ಲಿ ಬೇಕಾದಷ್ಟು ಉಂಟು, ಕಾಳಲ್ಲಿ ಕಡಿಮೆ ಇರುವ ಮೆಥಿಯೊನಿನ್ ಅವಲಕ್ಕಿಯಲ್ಲಿ ಸಿಗುತ್ತದೆ. ಹುರುಳಿಯಲ್ಲೂ 100 ಗ್ರಾಂಗೆ ಸುಮಾರು 22 ಗ್ರಾಂ ಪ್ರೋಟೀನ್ ಉಂಟು. ಆದರೂ ಕುಡುತ ಸಾರ್ ಅಂದರೆ ಹಾಸ್ಟೆಲ್‌ನಲ್ಲಿ ಮೂಗು ಮುರಿಯುತ್ತಾರೆ, ಡಬ್ಬಿಗೆ ಮಾತ್ರ ಸಾವಿರಗಟ್ಟಲೆ ಕೊಡ್ತಾರೆ!

ಈ ಸಲ ಕೆಂಪು ಅಲಸಂಡೆಯನ್ನು ಮೂರು ಮನೆಯಲ್ಲಿ ಹಾಕಿಸಬೇಕು ಅಂತ ಅಜ್ಜಿ ಹತ್ತಿರ ಒಪ್ಪಿಗೆ ತಗೊಂಡಿದ್ದೇನೆ. ಒಬ್ಬರಿಗೆ ಹತ್ತೇ ಬೀಜ. ಬೆಳೆದ ಮೇಲೆ ಇಪ್ಪತ್ತು ವಾಪಸ್ ಕೊಡಬೇಕು, ಇದು ಅಜ್ಜಿಯ ಬಡ್ಡಿ ದರ. ಮತ್ತೆ ಕಡಬ, ಪುತ್ತೂರು ಕಡೆಯವರೇ, ನಿಮ್ಮ ಅಜ್ಜಿಯರ ಹತ್ತಿರ ಬಿಳಿ ಅಲಸಂಡೆ ಬೀಜ ಉಂಟಾ ಅಂತ ಒಮ್ಮೆ ಕೇಳಿ. ಇದ್ದರೆ ಮೆಸೇಜ್ ಮಾಡಿ, ನಾನೇ ಬಂದು ತಗೊಂಡು ಹೋಗ್ತೇನೆ.